ಅಮೆರಿಕದ ಕಾಲೇಜಲ್ಲಿ ಕ್ರಾಸ್ ಕಂಟ್ರಿ, ಟ್ರ್ಯಾಕ್ ಕೋಚ್ ಆಗೋದು ಹೇಗೆ?

ಮೊದ್ಲೇ ತಿಳ್ಕೊಳ್ಳಿ, ಇದು ವರ್ಷಪೂರ್ತಿ ಕೆಲ್ಸ. ಸೆಪ್ಟೆಂಬರಿಂದ ನವೆಂಬರ್‌ವರೆಗೂ ಕ್ರಾಸ್ ಕಂಟ್ರಿ (ಹುಲ್ಲು, ಮಣ್ಣು, ಗುಡ್ಡದ ದಾರೀಲಿ ದೂರದ ಓಟ), ಚಳಿಗಾಲದಲ್ಲಿ ಇಂಡೋರ್ ಟ್ರ್ಯಾಕ್, ಆಮೇಲೆ ಔಟ್‌ಡೋರ್, ನಡುನಡುವೆ ಹೈಸ್ಕೂಲ್ ಮಕ್ಕಳ ರಿಕ್ರೂಟಿಂಗ್, ಅಂದ್ರೆ ಒಳ್ಳೇ ಓಟಗಾರರನ್ನ ಹುಡುಕಿ ನಮ್ಮ ಕಾಲೇಜಿಗೆ ಕರ್ಕೊಂಡು ಬರೋದು.

ನೇರವಾಗಿ ಹೆಡ್ ಕೋಚ್ ಆಗೋದು ಕಷ್ಟ. ತುಂಬಾ ಜನ ಗ್ರ್ಯಾಜುಯೇಟ್ ಅಸಿಸ್ಟೆಂಟ್ (ಓದ್ತಾ ಕೆಲ್ಸ ಮಾಡೋ ಸಹಾಯಕ ಕೋಚ್) ಆಗಿ ಸೇರ್ಕೊಂಡು ಮಾಸ್ಟರ್ಸ್ ಓದ್ತಾನೇ ಕೋಚಿಂಗ್ ಶುರು ಮಾಡ್ತಾರೆ, ದುಡ್ಡು ಕಮ್ಮಿ, ಆದ್ರೆ ಮೀಟ್‌ಗೆ (ಸ್ಪರ್ಧೆಗೆ) ಓಟಗಾರರ ಎಂಟ್ರಿ ಹಾಕೋದ್ರಿಂದ ಹಿಡಿದು ಬಸ್ ಬುಕ್ ಮಾಡೋವರ್ಗೂ ಎಲ್ಲಾ ಕೈಗೆ ಬರುತ್ತೆ. ಜೊತೆಗೆ ಯುಎಸ್‌ಎಟಿಎಫ್ (ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ) ನಡೆಸೋ ಲೆವೆಲ್ 1 ಕೋಚಿಂಗ್ ಕೋರ್ಸ್ ಮುಗಿಸ್ಕೊಳ್ಳಿ. ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ಸಂಸ್ಥೆ ಕಾಲೇಜುಗಳನ್ನ ಮೂರು ಡಿವಿಷನ್ ಮಾಡಿದೆ, ಅದ್ರಲ್ಲಿ ಮೇಲಿನ ಡಿವಿಷನ್ 1 ಮಾತ್ರ ನೋಡ್ತಾ ಕೂರ್ಬೇಡಿ. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಹಾಗಾಗಿ ಓಟಾನ ನಿಜವಾಗ್ಲೂ ಪ್ರೀತಿಸೋ ಮಕ್ಕಳು ಸಿಗ್ತಾರೆ, ಕಲಿಯೋಕೆ ಒಳ್ಳೇ ಜಾಗ ಅಂತ ನನ್ನ ಅಭಿಪ್ರಾಯ.

ಇನ್ನು ಕ್ರಾಸ್ ಕಂಟ್ರಿ ಲೆಕ್ಕ ಚೆನ್ನಾಗಿ ಅರ್ಥ ಆಗ್ಬೇಕು. ಒಂದು ಟೀಮಿಂದ ಸಾಮಾನ್ಯವಾಗಿ ಏಳು ಜನ ಓಡ್ತಾರೆ, ಮೊದಲ ಐದು ಜನರ ಸ್ಥಾನ ಕೂಡಿಸ್ತಾರೆ, ಕಮ್ಮಿ ಬಂದವ್ರು ಗೆಲ್ತಾರೆ. ನಿಮ್ಮವರು 3, 5, 8, 10ನೇ ಸ್ಥಾನ ಬಂದು ಐದನೆಯವನು 70ಕ್ಕೆ ಬಂದ್ರೆ ಒಟ್ಟು 96, ಎದುರು ಟೀಮ್ 12, 14, 16, 18, 20 ಬಂದ್ರೆ ಬರೀ 80, ಗೆದ್ದೋರು ಅವ್ರೇ. ಅದಕ್ಕೇ ಸ್ಟಾರ್ ಓಟಗಾರನ ಹಿಂದೆ ಮಾತ್ರ ಬೀಳದೆ ಐದನೇ, ಆರನೇ ಹುಡುಗನ ಜೊತೆ ದಿನಾ ಮಾತಾಡಿ, ನಿದ್ದೆ ಆಯ್ತಾ, ಊಟ ಸರಿಯಾಗಿ ಮಾಡಿದ್ಯಾ, ಮೊಣಕಾಲ ಕೆಳಗಿನ ಮೂಳೆ ನೋಯ್ತಿದ್ಯಾ ಕೇಳಿ, ನೋವಿದ್ರೆ ಅವತ್ತು ಓಡಿಸ್ಲೇಬೇಡಿ, ಗಾಯ, ನೋವು ನೋಡ್ಕೊಳ್ಳೋ ಅಥ್ಲೆಟಿಕ್ ಟ್ರೇನರ್ ಹತ್ರ ಕಳ್ಸಿ.