ತೋಟದ ಬಂಡೆಯನ್ನು ಹಾರೆಯಿಂದ ಮೀಟುವುದು ಹೇಗೆ

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ದಾರಿಗೆ ಅಡ್ಡವಾದ ಬಂಡೆ ಸರಿಸಲು 150 ಸೆಂ.ಮೀ. ಹಾರೆ ಸಾಕು. ತುದಿಯನ್ನು ಕಲ್ಲಿನಡಿ ತೂರಿಸಿ, ಅಲ್ಲಿಂದ 15 ಸೆಂ.ಮೀ. ಈಚೆ ಆನಿಕೆಗೆ ಗಟ್ಟಿ ಕಲ್ಲಿಡಿ. ಕೈಯ ಕಡೆ 135 ಸೆಂ.ಮೀ. ಉಳಿಯುತ್ತದೆ, ಅಂದರೆ ಬಲ ಒಂಬತ್ತು ಪಟ್ಟು. ಒಂದಂಚನ್ನಷ್ಟೇ ಎತ್ತುವಾಗ 180 ಕೆ.ಜಿ. ಬಂಡೆಯ ಸುಮಾರು ಅರ್ಧ ಭಾರ ಹಾರೆಗೆ ಬರುತ್ತದೆ, 10 ಕೆ.ಜಿ.ಯಷ್ಟು ಒತ್ತಿದರೆ ಏಳುತ್ತದೆ. ಉಳಿಸಿದ ಬಲವನ್ನು ದೂರದಲ್ಲಿ ತೆರಬೇಕು: ಅಂಚು 5 ಸೆಂ.ಮೀ. ಏಳಲು ಕೈ 45 ಸೆಂ.ಮೀ. ಇಳಿಯಬೇಕು.

ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಆನಿಕೆಯೇ ಹೂತುಹೋಗಿ ಒತ್ತಿದ್ದೆಲ್ಲ ವ್ಯರ್ಥ. ಅದರಡಿ ಅಗಲವಾದ ಹಲಗೆ ಹಾಸಿ. ಎತ್ತಿದಾಗಲೆಲ್ಲ ಸಂದಿಗೆ ಚಕ್ಕೆಕಲ್ಲು ಕೊಟ್ಟು ಆಮೇಲಷ್ಟೇ ಹಾರೆ ಸಡಿಲಿಸಿ. ಚಕ್ಕೆಯನ್ನು ಕೋಲಿನಿಂದ ತಳ್ಳಿ, ಬೆರಳು ಮಾತ್ರ ತೂರಿಸಬೇಡಿ. ಇಳಿಜಾರಿನ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು.