ಬೆಳಗಾವಿಯಲ್ಲೇ ಇದ್ದು ಮೆಟಲ್ ಬೇಸ್ ನುಡಿಸಿ ದುಡಿದಿದ್ದು: ನನ್ನ ಅನುಭವ

ಮೆಟಲ್ ಅಂದರೆ ಅಬ್ಬರದ ರಾಕ್ ಸಂಗೀತ; ಅದರಲ್ಲಿ ಬೇಸ್ ಗಿಟಾರ್ ನುಡಿಸಿ ಹೊಟ್ಟೆ ತುಂಬಬೇಕಂದ್ರೆ ಬೆಂಗಳೂರಿಗೆ ಹೋಗು, ಇಲ್ಲಾ ಮುಂಬೈಗೆ ಹೋಗು ಅಂತ ಎಲ್ಲರೂ ಹೇಳಿದ್ದರು. ನಾನು ಬೆಳಗಾವಿಯ ನಮ್ಮ ಟಿಳಕವಾಡಿ ಬಿಡಲಿಲ್ಲ. ಈಗ ಮೂರು ನಾಲ್ಕು ಬ್ಯಾಂಡ್‌ಗಳಿಗೆ ನುಡಿಸುತ್ತೇನೆ, ಮನೆ ಖರ್ಚು ಇದರಿಂದಲೇ ನಡೆಯುತ್ತದೆ.

ನಕ್ಷೆ ನೋಡಿ. ಇಲ್ಲಿಂದ ಬೆಂಗಳೂರು ಸುಮಾರು 500 ಕಿ.ಮೀ., ಮುಂಬೈಯೂ ಹೆಚ್ಚುಕಡಿಮೆ ಅಷ್ಟೇ. ಪುಣೆ ಇನ್ನೂ ಹತ್ತಿರ. ಚೋರ್ಲಾ ಘಾಟ್ ಇಳಿದರೆ ಗೋವಾ. ಬೆಂಗಳೂರಲ್ಲಿ ಶೋ ಮುಗಿಸಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮನೆ. ಅಲ್ಲಿ ಬಾಡಿಗೆಗೆ ಹೋಗುವ ದುಡ್ಡು ಇಲ್ಲಿ ಉಳಿಯುತ್ತದೆ.

ದುಡ್ಡು ಸುರಿದುಹೋಗಿದ್ದು ಆಂಪ್‌ಗೆ, ಅಂದರೆ ಬೇಸ್‌ನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್‌ಗೆ. ಅದರ ಸ್ಪೀಕರ್ ಪೆಟ್ಟಿಗೆ, ಕ್ಯಾಬಿನೆಟ್ಟೇ ಮೂವತ್ತು ಕಿಲೋ ಹತ್ತಿರ. ಆಟೋ, ಹಮಾಲಿ, ಲಗೇಜ್ ಅಂತ ಶೋ ದುಡ್ಡಿನ ಅರ್ಧ ದಾರಿಯಲ್ಲೇ ಖಾಲಿ. ಒಂದು ಮಳೆಗಾಲದಲ್ಲಿ ಸ್ಪೀಕರ್ ಕೋನ್ ಹರಿಯಿತು, ರಿಪೇರಿಗೆ ಆರೇಳು ಸಾವಿರ. ಆಮೇಲೆ ಆಂಪ್, ಕ್ಯಾಬಿನೆಟ್ ಎರಡನ್ನೂ ಮಾರಿಬಿಟ್ಟೆ. ಈಗ ಬೇಸ್, ಸದ್ದು ತಿದ್ದಲು ಒಂದು ಪ್ರೀಆಂಪ್ ಪೆಡಲ್, ಬೇಸನ್ನು ನೇರ ಕ್ಲಬ್‌ನ ಸೌಂಡ್ ಸಿಸ್ಟಮ್‌ಗೆ ಜೋಡಿಸುವ ಡಿಐ ಬಾಕ್ಸ್, ಕೇಬಲ್, ಅಷ್ಟೇ. ಆಂಪ್ ಇಲ್ಲದೆ ಮೆಟಲ್ಲಾ ಅಂತ ಮೂಗು ಮುರಿದವರೇ ಈಗ ಸೌಂಡ್‌ಚೆಕ್ (ಶೋಗೆ ಮೊದಲು ಸದ್ದು ಹೊಂದಿಸೋದು) ಮುಗಿದ ಮೇಲೆ ಬಂದು ಪೆಡಲ್ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಬೇಸ್‌ನ ಸಿಗ್ನಲ್ ಎರಡಾಗಿ ಒಡೆಯುತ್ತೇನೆ. ಕೆಳಗಿನ ಫ್ರೀಕ್ವೆನ್ಸಿ ಕ್ಲೀನ್, ಮೇಲಿನದಕ್ಕೆ ಮಾತ್ರ ಡಿಸ್ಟಾರ್ಷನ್, ಅಂದರೆ ಒರಟು ಸದ್ದು. ಎಲ್ಲಿ ಒಡೆಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಆದರೆ ಇಷ್ಟು ಹೇಳುತ್ತೇನೆ: ಎಲ್ಲಕ್ಕಿಂತ ತಗ್ಗಿನ ಸ್ವರದ ಬಿ ತಂತಿ ಸುಮಾರು 31 ಹರ್ಟ್ಜ್. ಸಣ್ಣ ಕ್ಲಬ್‌ಗಳ ಎಷ್ಟೋ ಪಿಎ (ಸೌಂಡ್ ಸಿಸ್ಟಮ್) ಅದನ್ನು ಸರಿಯಾಗಿ ಹೊರಡಿಸೋದೇ ಇಲ್ಲ. ಕೆಳಗಿನ ಫ್ರೀಕ್ವೆನ್ಸಿ ಜಾಸ್ತಿ ಮಾಡಿದಷ್ಟೂ ಕಿಕ್ ಡ್ರಮ್ ಜೊತೆ ಕಲಸಿ ಗೊಜ್ಜಾಗುತ್ತದೆ. 700-800 ಹರ್ಟ್ಜ್ ಸುತ್ತ ಸ್ವಲ್ಪ ಎತ್ತಿ, ಎರಡು ಗಿಟಾರ್ ನಡುವೆಯೂ ಬೇಸ್ ಕೇಳುತ್ತದೆ.

ಆ ಬಿ ತಂತಿಗಾಗಿ ಐದು ತಂತಿಯ ಬೇಸ್ ಕೊಳ್ಳಲಿಲ್ಲ. ಐದರ ಸೆಟ್ ತಂದು ಜಿ ತಂತಿ ಬಿಟ್ಟು, ನನ್ನ ನಾಲ್ಕು ತಂತಿಯ ಬೇಸ್‌ಗೇ ಬಿ-ಇ-ಎ-ಡಿ ಏರಿಸಿದೆ. 130 ಗೇಜ್‌ನ ದಪ್ಪ ಬಿ ತಂತಿ ನಟ್‌ನಲ್ಲಿ (ಕತ್ತಿನ ತುದಿಯಲ್ಲಿ ತಂತಿ ಕೂರುವ ಗಾಡಿ) ಕೂರಲೇ ಇಲ್ಲ. ಇಲ್ಲಿಯ ಅಂಗಡಿಯಲ್ಲಿ ಹೊಸ ಬೇಸ್ ತಗೋ ಅಂದರು. ಮಿರಜಕ್ಕೆ ಹೋದೆ. ತಂಬೂರಿ ಮಾಡುವ ಕಾಕಾ ಒಬ್ಬರು ಅರ ಹಿಡಿದು, ಒಂದೆರಡು ಸಲ ಎಳೆಯೋದು, ತಂತಿ ಇಟ್ಟು ಮೀಟಿ ಕಿವಿ ಕೊಡೋದು, ಮತ್ತೆ ಎಳೆಯೋದು, ಹೀಗೆ ಮುಕ್ಕಾಲು ಗಂಟೆ ಮಾಡಿದರು. ಇನ್ನೂರು ರೂಪಾಯಿ. ಅಷ್ಟು ನೀಟಾದ ಕೆಲಸ ನಾನು ಎಲ್ಲೂ ನೋಡಿಲ್ಲ.

ಅವರ ಜೊತೆ ಸೇರಿ ಬೇಸ್‌ನ ಬ್ರಿಜ್ (ತಂತಿಯ ಕುದುರೆ) ಮೇಲೆ ತಂಬೂರಿಯ ಜವಾರಿಯಂಥದ್ದನ್ನೂ, ಅಂದರೆ ತಂತಿ ತಾಗಿ ಗುಂಯ್‌ಗುಡುವ ಬಾಗಿದ ಮೇಲ್ಮೈಯನ್ನು, ಕೂರಿಸಿ ನೋಡಿದೆವು. ತೆರೆದ ತಂತಿಗೆ ಮೈ ಜುಮ್ ಅನ್ನುವ ಝೇಂಕಾರ! ಆದರೆ ಐದನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ದಾಟಿದರೆ ಶ್ರುತಿ ಕೆಡುತ್ತಿತ್ತು. ಒಂದು ಡೂಮ್ (ನಿಧಾನಗತಿಯ ಭಾರವಾದ ಮೆಟಲ್) ಹಾಡಿನ ಇಂಟ್ರೋಗೆ ರೆಕಾರ್ಡ್ ಮಾಡಿ ಕಳಚಿಟ್ಟೆ. ಆ ಪ್ರಯೋಗದ ಆಸೆ ಮಾತ್ರ ಇನ್ನೂ ಬಿಟ್ಟಿಲ್ಲ.

ತಂತಿ ಸೆಟ್ ಮೂರು ಸಾವಿರದ ಮೇಲಿದೆ. ಕುದಿಸಿ ಒರೆಸಿ ಒಣಗಿಸಿದರೆ ಇನ್ನೆರಡು ಶೋಗೆ ಸದ್ದಿಗೆ ಹೊಳಪು ಬರುತ್ತದೆ. ಬಿ ಮಾತ್ರ ಕುದಿಸಬೇಡಿ, ನನ್ನದರ ಸುತ್ತು ಸಡಿಲವಾಗಿ ಸತ್ತೇ ಹೋಯಿತು.

ಒಂದು ಶೋಗೆ ಆರರಿಂದ ಎಂಟು ಸಾವಿರ, ಪ್ರಯಾಣ ಬೇರೆ. ಮಳೆಗಾಲದಲ್ಲಿ ಶೋ ಕಡಿಮೆ, ಆಗ ಮನೆಯಲ್ಲೇ ಕೂತು ಬೇರೆಯವರ ಹಾಡಿಗೆ ಬೇಸ್ ರೆಕಾರ್ಡ್ ಮಾಡಿ ಕಳಿಸುತ್ತೇನೆ, ಹಾಡಿಗೆ ಎರಡು ಸಾವಿರ. ಒಮ್ಮೆ ಒಬ್ಬ ಆಯೋಜಕ ಶೋ ಮುಗಿದ ಮೇಲೆ ಫೋನೇ ಎತ್ತಲಿಲ್ಲ. ಅಂದಿನಿಂದ ಅರ್ಧ ಅಡ್ವಾನ್ಸ್ ಕೈಗೆ ಬಂದ ಮೇಲೆಯೇ ಟಿಕೆಟ್ ಬುಕ್ ಮಾಡೋದು, ಉಳಿದದ್ದು ಸೌಂಡ್‌ಚೆಕ್‌ಗೆ ಮೊದಲು. ಗೆಳೆಯರ ಬ್ಯಾಂಡ್ ಆದರೂ ಇದೇ.