ಫಿಟ್ಸ್ ಎಲ್ಲಿಂದ ಶುರುವಾಗುತ್ತೆ? ವಿಡಿಯೊ ಇಇಜಿ ವಾರ್ಡಿನಲ್ಲಿ ನನ್ನ ಅನುಭವ

ಫಿಟ್ಸ್ ಬರಲಿ ಅಂತ ಕಾಯುವ ಕೆಲಸ ನನ್ನದು. ವಿಡಿಯೊ ಇಇಜಿ ಟೆಕ್ನಿಷಿಯನ್, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನೂ ಜೊತೆಗೇ ರೋಗಿಯ ವಿಡಿಯೊವನ್ನೂ ದಾಖಲಿಸುವವಳು. ಮಾತ್ರೆಗೆ ಬಗ್ಗದ ಫಿಟ್ಸ್‌ಗೆ ಆಪರೇಷನ್ ಮಾಡಬೇಕೆಂದರೆ, ಅದು ಮೆದುಳಿನ ಯಾವ ಜಾಗದಲ್ಲಿ ಹುಟ್ಟುತ್ತದೆ ಅಂತ ಮೊದಲು ಗೊತ್ತಾಗಬೇಕಲ್ವಾ? ಅದಕ್ಕೇ ಅಡ್ಮಿಟ್ ಮಾಡಿಕೊಂಡು, ಡಾಕ್ಟರು ಮಾತ್ರೆಯನ್ನು ಮೆಲ್ಲಗೆ ಇಳಿಸುತ್ತಾರೆ.

ಟೇಪ್ ಹಿಡಿದು ತಲೆ ಅಳೆದು, ಗುರುತು ಹಾಕಿ, ಕೊಲೋಡಿಯನ್ ಅಂಟಿನಿಂದ ಎಲೆಕ್ಟ್ರೋಡ್ ಕೂರಿಸುತ್ತೇನೆ. ವಾಸನೆ ಮೂಗಿಗೆ ಹೊಡೆಯುತ್ತದೆ, ಆದರೆ ದಿನಗಟ್ಟಲೆ ಅಲುಗದೆ ಕೂರಬೇಕಲ್ಲ. ಜೊತೆಗಿರುವವರಿಗೆ ಹೇಳುವುದಿಷ್ಟೇ: ಫಿಟ್ಸ್ ಶುರುವಾದರೆ ಬಟನ್ ಒತ್ತಿ, ಕ್ಯಾಮೆರಾಗೆ ಅಡ್ಡ ನಿಲ್ಲಬೇಡಿ. ತಾಯಂದಿರು ಮಾತ್ರ ಓಡಿ ಬಂದು ತಬ್ಬಿಕೊಂಡುಬಿಡುತ್ತಾರೆ. ಬೈಯೋಕಾಗುತ್ತಾ?

ಒಬ್ಬ ಕಾಲೇಜು ಹುಡುಗನಿದ್ದ. "ಮೇಡಂ, ಹೊಟ್ಟೆಯೊಳಗಿಂದ ಏನೋ ಮೇಲೆ ಬರ್ತಿದೆ" ಅಂದ. ಕಣ್ಣು ಎಲ್ಲೋ ನೆಟ್ಟಿತು. ಬಾಯಿ ಚಪ್ಪರಿಸತೊಡಗಿದ. "ಅಮ್ಮ, ಸ್ವಲ್ಪ ಪಕ್ಕಕ್ಕೆ ಬನ್ನಿ" ಅಂತ ಹೊದಿಕೆ ಸರಿಸಿದೆ. ಎಡಗೈ ಅಂಗಿಯ ಗುಂಡಿ ತಡಕಾಡುತ್ತಿತ್ತು. ಬಲಗೈ ಮಣಿಕಟ್ಟಿನಲ್ಲಿ ತಿರುಚಿಕೊಂಡು ಸೆಟೆದಿತ್ತು. ಹೀಗೆ ಬಲಗೈ ಸೆಟೆದರೆ ಮೂಲ ಸಾಮಾನ್ಯವಾಗಿ ಎಡ ಮೆದುಳಿನಲ್ಲಿರುತ್ತದೆ. "ಕೆಂಪು ಆನೆ, ನೆನಪಿಟ್ಟುಕೋ" ಅಂದೆ. ಎಲ್ಲ ನಿಂತ ಮೇಲೆ ಪೆನ್ನು ತೋರಿಸಿದೆ. ಬರೆಯುವ ಹಾಗೆ ಕೈ ಆಡಿಸಿದ, ಹೆಸರು ಬಾಯಿಗೆ ಬರಲಿಲ್ಲ. ಹೆಚ್ಚಿನವರಲ್ಲಿ ಮಾತಿನ ಜಾಗ ಎಡಗಡೆಯೇ ಇರುವುದು. ಆನೆಯಂತೂ ನೆನಪೇ ಇರಲಿಲ್ಲ.

ಮೈಯೆಲ್ಲ ಅದುರುವ ಹೊತ್ತು ನೋಡುವವರಿಗೆ ಭಯ. ನಮಗೆ ಅದರಿಂದ ಸಿಗುವ ಸುಳಿವು ಕಡಿಮೆ, ಅಷ್ಟರಲ್ಲಿ ಎರಡೂ ಕಡೆ ಹರಡಿರುತ್ತದೆ. ಶುರುವಿನ ಕೆಲವು ಸೆಕೆಂಡುಗಳನ್ನೇ ನಾವು ಮತ್ತೆ ಮತ್ತೆ ಹಿಂದಕ್ಕೆಳೆದು ನೋಡುವುದು. ಅವನ ಇಇಜಿಯಲ್ಲಿ ಎಡಕಿವಿಯ ಮೇಲಿನ ಟೆಂಪೊರಲ್ ಭಾಗದಲ್ಲಿ ಅಲೆ ಮೊದಲು ಎದ್ದಿತ್ತು. 3 ಟೆಸ್ಲಾ ಎಂಬ ಬಲವಾದ ಕಾಂತದ ಎಂಆರ್‌ಐಯಲ್ಲಿ ನೆನಪಿಗೆ ಬೇಕಾದ ಭಾಗವಾದ ಎಡ ಹಿಪೊಕ್ಯಾಂಪಸ್ ಕುಗ್ಗಿತ್ತು. ಮೆದುಳಿನ ಯಾವ ಭಾಗ ಎಷ್ಟು ಗ್ಲೂಕೋಸ್ ಬಳಸುತ್ತದೆ ಅಂತ ತೋರಿಸುವ ಪೆಟ್ ಸ್ಕ್ಯಾನಿನಲ್ಲೂ ಅದೇ ಕಡೆ ಬಳಕೆ ಕಮ್ಮಿ. ಮಾತು, ನೆನಪಿನ ಪರೀಕ್ಷೆ ಬೇರೆ ಮಾಡಿದರು, ಎಡಗಡೆ ಕೈ ಹಾಕುವಾಗ ಅದನ್ನು ಬಿಡುವಂತಿಲ್ಲ.

ಎಲ್ಲ ವರದಿಗಳೂ ಹೀಗೆ ಒಂದೇ ಕಡೆ ಕೈ ತೋರಿಸುವುದು ಯಾವಾಗಲೂ ಆಗುವುದಿಲ್ಲ. ಎಂಆರ್‌ಐ ಚೆನ್ನಾಗಿಯೇ ಇದ್ದು, ಇಇಜಿ ಇನ್ನೇನೋ ಹೇಳಿದರೆ, ತಲೆಬುರುಡೆಗೆ ಸಣ್ಣ ತೂತು ಕೊರೆದು ತೆಳುವಾದ ಎಲೆಕ್ಟ್ರೋಡ್‌ಗಳನ್ನು ಮೆದುಳಿನೊಳಕ್ಕೇ ಇಳಿಸಬೇಕಾಗಬಹುದು. ಸ್ಟೀರಿಯೊ ಇಇಜಿ ಅಂತಾರೆ, 1950ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ವಿಧಾನ. ಈ ಹುಡುಗನಿಗೆ ಅದು ಬೇಕಾಗಲಿಲ್ಲ.

ಮನೆಯಲ್ಲಿ ಫಿಟ್ಸ್ ಬಂದರೆ ಮೊದಲು ಮಗ್ಗುಲಿಗೆ ಮಲಗಿಸಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಮುಖ, ಎರಡೂ ಕೈ ಕಾಣಬೇಕು. ನಿಂತ ಮೇಲೂ ರೆಕಾರ್ಡಿಂಗ್ ನಿಲ್ಲಿಸಬೇಡಿ, ಹೆಸರು ಕೇಳಿ, ಮಾತಾಡಿಸಿ.